ಮೂರು ದಿನದ ಮೈಸೂರು

ಮೈಸೂರನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವ ರೂಢಿ ಹಳೆಯದು. ಬೆಳಕು ಹರಿಯುವ ಮೊದಲೇ ಬೆಂಗಳೂರು ಬಿಟ್ಟ ಬಸ್ಸು ಶ್ರೀರಂಗಪಟ್ಟಣದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ, ಸಂತ ಫಿಲೋಮಿನಾ ಚರ್ಚು ಎಲ್ಲವನ್ನೂ ಮುಟ್ಟಿ, ಕತ್ತಲಾಗುವ ಹೊತ್ತಿಗೆ ಬೃಂದಾವನದ ಕಾರಂಜಿಯ ಮುಂದೆ ಜನರನ್ನು ಇಳಿಸುತ್ತದೆ. ನಡುರಾತ್ರಿಗೆ ಮತ್ತೆ ಬೆಂಗಳೂರು. ಶಾಲಾ ಪ್ರವಾಸದ ದಾರಿಯೂ ಹೆಚ್ಚುಕಡಿಮೆ ಇದೇ. ಇದಕ್ಕಿಂತ ಬೇರೆಯಾದ ಇನ್ನೊಂದು ಪ್ರವಾಸವಿದೆ: ಊರಿನಲ್ಲಿ ಎರಡು ಮೂರು ರಾತ್ರಿ ತಂಗುವುದು, ದಿನಕ್ಕೆ ಒಂದೇ ವಸ್ತುಸಂಗ್ರಹಾಲಯ ನೋಡುವುದು, ಬೆಳಿಗ್ಗೆ ಸಂಜೆ ಕಾಲ್ನಡಿಗೆ, ನಡುವೆ ಗೆಳೆಯರೊಂದಿಗೆ ಅವಸರವಿಲ್ಲದ ಊಟ.

ಈ ಎರಡರಲ್ಲಿ ಊರು ಕೈಗೆ ಸಿಗುವುದು ಯಾವುದರಲ್ಲಿ ಎಂಬುದು ಕೆಳಗಿನ ಮಾತುಕತೆಯ ವಿಷಯ. ಮಾತಾಡುವವರು ಇಬ್ಬರು. ಒಬ್ಬರು ಮೈಸೂರಿನಲ್ಲೇ ಮೇಷ್ಟರಾಗಿದ್ದು ನಿವೃತ್ತರಾದ ಹಿರಿಯರು. ಇನ್ನೊಬ್ಬಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಅಣ್ಣನ ಮಗಳು. ಕಾಲೇಜಿನ ದಿನಗಳ ನಾಲ್ವರು ಗೆಳೆಯರೊಂದಿಗೆ ಬರಲಿರುವ ಆಕೆ ಪ್ರವಾಸದ ಪಟ್ಟಿಯನ್ನು ಚಿಕ್ಕಪ್ಪನ ಮುಂದಿಟ್ಟಿದ್ದಾಳೆ.

ಹಿರಿಯರು: ಓದಿದೆ ಕಣಮ್ಮ. ಮೂರು ದಿನಕ್ಕೆ 17 ಜಾಗ ಬರೆದಿದ್ದೀಯ. ಇದರಲ್ಲಿ ಊಟ ಎಲ್ಲಿದೆ?

ಯುವತಿ: ಒಂದರಿಂದ ಎರಡು, ಚಿಕ್ಕಪ್ಪ. ಪಕ್ಕದಲ್ಲೇ ಇದೆ ನೋಡಿ.

ಹಿರಿಯರು: ಐದು ಜನ ಎಷ್ಟೋ ವರ್ಷದ ಮೇಲೆ ಒಟ್ಟಿಗೆ ಕೂರುತ್ತೀರಿ. ಎಲೆ ಹಾಕಿ, ಬಡಿಸಿ, ಮಾತು ಶುರುವಾಗುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಈ ಪಟ್ಟಿಯನ್ನು ಅರ್ಧ ಮಾಡು.

ಯುವತಿ: ಅರ್ಧ ಮಾಡುವುದು ನಿಮಗೆ ಸುಲಭ. ನೀವು ಇಲ್ಲೇ ಇರುವವರು, ಇವತ್ತು ಬಿಟ್ಟರೆ ನಾಳೆ ನೋಡುತ್ತೀರಿ. ನಮ್ಮಲ್ಲಿ ಒಬ್ಬಳು ಪುಣೆಯಿಂದ ಬರುತ್ತಾಳೆ, ಒಬ್ಬ ಗುವಾಹಟಿಯಿಂದ. ಅವರು ಇನ್ನೊಂದು ಸಲ ಮೈಸೂರಿಗೆ ಬರುತ್ತಾರೆ ಅಂತ ಯಾರು ಹೇಳಬೇಕು? ಬಿಟ್ಟದ್ದು ಬಿಟ್ಟೇ ಹೋಗುತ್ತದೆ.

ಹಿರಿಯರು: ಓಡುತ್ತಾ ನೋಡಿದ್ದೂ ಬಿಟ್ಟುಹೋಗುತ್ತದೆ. ಅರಮನೆಗೆ ಒಂದೂಕಾಲು ಗಂಟೆ ಇಟ್ಟಿದ್ದೀಯ. ಒಳಗೆ ಏನು ನೋಡುತ್ತೀರಿ, ಹೇಳು.

ಯುವತಿ: ಗೊಂಬೆ ತೊಟ್ಟಿ, ಕಲ್ಯಾಣ ಮಂಟಪ, ದರ್ಬಾರ್ ಹಾಲ್. ಚಪ್ಪಲಿ ಬಿಟ್ಟು ಒಳಗೆ, ಆ ಕಡೆಯಿಂದ ಹೊರಗೆ.

ಹಿರಿಯರು: ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆಯೆತ್ತಿ ನವಿಲಿನ ಗಾಜಿನ ಛಾವಣಿ ನೋಡುತ್ತಾರೆ. ಅದು ನೋಡುವಂಥದ್ದೇ. ಆದರೆ ಗೋಡೆಯ ಸುತ್ತ ದಸರಾ ಮೆರವಣಿಗೆ ಇದೆ, 26 ಚಿತ್ರ. ಮೈಸೂರಿನ ಕಲಾವಿದರು 1930ರ ದಶಕದಲ್ಲಿ ಶುರುಮಾಡಿ ವರ್ಷಗಟ್ಟಲೆ ಕೂತು ಬರೆದದ್ದು. ಛಾಯಾಚಿತ್ರ ಮುಂದಿಟ್ಟುಕೊಂಡು ಬರೆದರು, ಹಾಗಾಗಿ ಅಲ್ಲಿರುವ ಮುಖಗಳು ಅಂದಿನ ಮೈಸೂರಿನಲ್ಲಿ ಓಡಾಡಿದ ಜನರವೇ. ಒಂದು ಮೂಲೆಯಿಂದ ಹಿಡಿದು ನಿಧಾನವಾಗಿ ನಡೆದರೆ ಮೆರವಣಿಗೆ ನಿನ್ನ ಜೊತೆ ನಡೆಯುತ್ತದೆ. ನೀನು ಎಷ್ಟು ಸಲ ಅರಮನೆ ನೋಡಿದ್ದೀಯ?

ಯುವತಿ: ಮೂರು ಸಲ. ಆ ಚಿತ್ರಗಳನ್ನು ನೋಡಿದ ನೆನಪಿಲ್ಲ. ಆದರೆ ತಪ್ಪನ್ನೆಲ್ಲ ನನ್ನ ಅವಸರದ ಮೇಲೆ ಹಾಕಬೇಡಿ. ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ನಿಂತರೆ ಸಾಲು ನಿಲ್ಲುತ್ತದೆ. ಯಾವ ಗೋಡೆಯಲ್ಲಿ ಏನಿದೆ ಅಂತ ಮೊದಲೇ ತಿಳಿಯದವರು ಅಲ್ಲಿ ಒಂದು ಗಂಟೆ ನಿಂತರೂ ಬೆಪ್ಪಾಗಿ ನಿಂತಿರಬೇಕು, ಅಷ್ಟೆ.

ಯುವತಿಯ ಈ ಮಾತಿಗೆ ಹಳೆಯ ಬೆಂಬಲವಿದೆ. ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು ವಸ್ತುಸಂಗ್ರಹಾಲಯ ನೋಡುವವರ ದಣಿವಿನ ಬಗ್ಗೆ 1916ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಬ್ಬ ನೋಡುಗನನ್ನು ತಗ್ಗಿನ ಗಾಜಿನ ಪೆಟ್ಟಿಗೆಗಳ ಮುಂದೆ, ಎತ್ತರದ ಕಪಾಟುಗಳ ಮುಂದೆ ನಿಲ್ಲಿಸಿ, ಅವನು ಸೊಂಟ ಬಗ್ಗಿಸುವ, ಕತ್ತು ಚಾಚುವ, ಕುಕ್ಕರಗಾಲಿನಲ್ಲಿ ಕೂರುವ ಭಂಗಿಗಳ ಛಾಯಾಚಿತ್ರಗಳನ್ನು ಅದರಲ್ಲಿ ಕೊಟ್ಟರು. ನೋಡುಗ ಸೋಲುವುದಕ್ಕೆ ಜೋಡಿಸಿಟ್ಟ ರೀತಿಯೂ ಕಾರಣ ಎಂಬುದು ಅವರ ವಾದ. ನೂರು ವರ್ಷ ಕಳೆದರೂ ಮಸುಕು ಅಕ್ಷರದ ಫಲಕ, ಬೆಳಕು ಹೊಳೆದು ಒಳಗಿನದನ್ನು ಮುಚ್ಚುವ ಗಾಜು, ಕೂರಲು ಬೆಂಚಿಲ್ಲದ ಕೋಣೆ ನಮ್ಮ ಎಷ್ಟೋ ಸಂಗ್ರಹಾಲಯಗಳಲ್ಲಿ ಹಾಗೆಯೇ ಇವೆ. ನಿಧಾನವಾಗಿ ನೋಡಿ ಎಂದು ಜನರಿಗೆ ಹೇಳುವ ಮೊದಲು, ನಿಂತು ನೋಡಲು ಆಗುವಂತೆ ಇಡುವ ಹೊಣೆ ಸಂಗ್ರಹಾಲಯದ್ದು.

ಹಿರಿಯರು: ಒಪ್ಪಿದೆ. ಮೊದಲೇ ತಿಳಿದಿರಬೇಕು. ಅದಕ್ಕೇ ಹೇಳುತ್ತೇನೆ, ಹದಿನೇಳು ಬಿಡಿ ಜಾಗ ಬೇಡ. ಒಂದು ಕಥೆ ಹಿಡಿದು ಹೋಗಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯ ಅದು. ಅರಸು ಮನೆತನ ಜಗನ್ಮೋಹನ ಅರಮನೆಗೆ ಬಂತು, ನಾಲ್ವಡಿ ಕೃಷ್ಣರಾಜ ಒಡೆಯರಿಗೆ 1902ರಲ್ಲಿ ಅಧಿಕಾರ ವಹಿಸಿದ್ದೂ ಅಲ್ಲೇ. ಈಗ ನೀವು ನೋಡುವ ದೊಡ್ಡ ಅರಮನೆ ಹೆನ್ರಿ ಇರ್ವಿನ್ ನಕ್ಷೆಯಂತೆ ಎದ್ದು 1912ರಲ್ಲಿ ಮುಗಿದದ್ದು. ಇನ್ನು ಆ ಮದುವಣಗಿತ್ತಿಗಾಗಿ 1905ರಲ್ಲಿ ಕಟ್ಟಿದ ಬಂಗಲೆಯೇ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಆಮೇಲೆ ಸೇರಿಕೊಂಡದ್ದು ಆ ಮನೆಯಲ್ಲಿ. ಅರಸುಮಗಳ ಮನೆಯೊಳಗೆ ತೊಗಲುಗೊಂಬೆ, ಸೋಮನ ಮುಖ, ಒಕ್ಕಲುಮನೆಯ ಸಾಮಾನು! ಒಂದು ಬೆಂಕಿಯ ಜಾಡು ಹಿಡಿದರೆ ಮೂರು ಕಟ್ಟಡ, ಮೂರು ದಿನ.

ಯುವತಿ: ಇದು ಚೆನ್ನಾಗಿದೆ. ಆದರೆ ಇದೂ ಪಟ್ಟಿಯೇ ತಾನೆ, ಚಿಕ್ಕಪ್ಪ? ನನ್ನ ಹೂಗಳು ಬಿಡಿಬಿಡಿಯಾಗಿದ್ದವು, ನೀವು ದಾರ ಹಾಕಿ ಕಟ್ಟಿದಿರಿ. ಪಟ್ಟಿ ಬೇಡ ಅನ್ನುವುದಕ್ಕೂ ಒಳ್ಳೆಯ ಪಟ್ಟಿ ಬೇಕು ಅನ್ನುವುದಕ್ಕೂ ವ್ಯತ್ಯಾಸ ಇದೆ.

ಹಿರಿಯರು: ಹೌದು, ಇದೆ. ಆದರೆ ದಾರಕ್ಕೆ ಅಳತೆ ಇರುತ್ತದಲ್ಲ, ಹದಿನೇಳು ಹೂ ಹಿಡಿಯುವುದಿಲ್ಲ. ಮತ್ತೆ ಜಾನಪದದ ಕೋಣೆಗಳು ತೆರೆದಿವೆಯೋ, ಕಟ್ಟಡದಲ್ಲಿ ದುರಸ್ತಿ ನಡೆಯುತ್ತಿದೆಯೋ, ಹೊರಡುವ ಮೊದಲು ವಿಚಾರಿಸಿಕೊ. ಹಳೆಯ ಕಟ್ಟಡ.

ಜಗನ್ಮೋಹನ ಅರಮನೆಯ ವಿಷಯಕ್ಕೆ ಬಂದಾಗ ಇಬ್ಬರ ಮಾತೂ ಹೆಚ್ಚು ಹೊತ್ತು ನಿಂತಿತು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ರವಿವರ್ಮನ ತೈಲಚಿತ್ರಗಳು, ಮೈಸೂರು ಶೈಲಿಯ ಚಿತ್ರಗಳು, ವಾದ್ಯಗಳು, ಪುಟ್ಟ ಸೈನಿಕರ ಕವಾಯತು ತೋರಿಸುವ ಗಡಿಯಾರ ಅಲ್ಲಿವೆ. ಜನ ಹುಡುಕಿಕೊಂಡು ಹೋಗುವುದು ಮಾತ್ರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು.

ಹಿರಿಯರು: ಅದರ ಮುಂದೆ ಅರ್ಧ ಗಂಟೆ ಕೊಡು. ಬೇರೆ ಏನನ್ನು ಬಿಟ್ಟರೂ ಸರಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಆ ಅಡ್ಡ ಹಿಡಿದ ಬೆರಳುಗಳನ್ನು ನೋಡು. ಬೆಳಕು ಚರ್ಮದೊಳಗಿಂದ ಹಾದು ಬರುವಾಗ ಬೆರಳಿನ ಅಂಚು ಕೆಂಪಾಗುತ್ತದಲ್ಲ, ಕರೆಂಟು ಹೋದಾಗ ಮಕ್ಕಳು ಟಾರ್ಚಿನ ಮೇಲೆ ಅಂಗೈ ಇಟ್ಟು ನೋಡುತ್ತಾರಲ್ಲ, ಆ ಕೆಂಪು. ಅಲ್ಲಿಂದ ಮುಖಕ್ಕೆ ಏರುವಾಗ ಬೆಳಕು ಹಳದಿಯಾಗುತ್ತದೆ, ಸೀರೆಯ ನೆರಿಗೆಯಲ್ಲಿ ಮಂಕಾಗುತ್ತದೆ, ಹಿಂದಿನ ಗೋಡೆಯಲ್ಲಿ ಕರಗಿಹೋಗುತ್ತದೆ. ಇಷ್ಟನ್ನೂ ಮಾಡಿರುವುದು ಜಲವರ್ಣದಲ್ಲಿ. ತೈಲದಲ್ಲಾದರೆ ಕತ್ತಲ ಮೇಲೆ ಬೆಳಕನ್ನು ಹಚ್ಚಬಹುದು. ಜಲವರ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದದ ಬಿಳುಪನ್ನೇ ಮೊದಲಿನಿಂದ ಕಾಪಾಡಿಕೊಂಡು ಬರಬೇಕು. ಕೈ ತಪ್ಪಿದರೆ ದೀಪ ಆರಿದ ಹಾಗೆ.

ಯುವತಿ: ರವಿವರ್ಮ ಬರೆದದ್ದಲ್ಲವೇ ಅದು?

ಹಿರಿಯರು: ಊರಿಗೆ ಊರೇ ಹಾಗೆ ಅನ್ನುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬರೆದವರು ಎಸ್. ಎಲ್. ಹಲ್ದಣಕರ್, 1945–46ರ ಸುಮಾರಿನಲ್ಲಿ. ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದರು. ನಲವತ್ತು ವರ್ಷದ ಅಂತರ ಇದ್ದರೂ ಒಬ್ಬರ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುತ್ತಿದೆ. ನನಗೆ ಇದು ಸಣ್ಣ ವಿಷಯವಲ್ಲ ಕಣಮ್ಮ. ಅವಸರದಲ್ಲಿ ನೋಡುವವರು ಹೆಸರು ಓದುವುದಿಲ್ಲ.

ಯುವತಿ: ನನಗೂ ಈಗ ಬೇಜಾರಾಗುತ್ತಿದೆ. ಆದರೂ ಕೇಳಿ. ಇದು ಈಗ ನಿಮ್ಮ ಬಾಯಿಂದ ಬಂತು. ಅರ್ಧ ಗಂಟೆ ನಿಂತಿದ್ದಕ್ಕೆ ಸಿಕ್ಕ ಅರಿವಲ್ಲ ಇದು, ಐವತ್ತು ವರ್ಷದ ಓದಿನಿಂದ ಬಂದದ್ದು. ನನ್ನ ಗೆಳೆಯರಿಗೆ ಇದನ್ನು ಐದು ನಿಮಿಷದಲ್ಲಿ ಹೇಳಿದರೆ ಐದು ನಿಮಿಷದಲ್ಲೇ ಕಾಣುತ್ತದೆ.

ಹಿರಿಯರು: ನಾನು ಹೇಳಿದ್ದು ಕಾಣುತ್ತದೆ. ನಾನು ಹೇಳದೆ ಇರುವುದೂ ಅದರಲ್ಲಿ ಇರುತ್ತದೆ. ಅದಕ್ಕೆ ಉಳಿದ ಇಪ್ಪತ್ತೈದು ನಿಮಿಷ.

ಇಲ್ಲಿಂದ ಮಾತು ನಡಿಗೆಯ ಕಡೆಗೆ ತಿರುಗಿತು. ಮೈಸೂರಿನ ನಡುಭಾಗ ನಡೆದೇ ನೋಡಬಹುದಾದಷ್ಟು ಅಡಕವಾಗಿದೆ. ಅರಮನೆ, ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ದಾರಿ.

ಹಿರಿಯರು: ದೊಡ್ಡ ಗಡಿಯಾರದ ಕೆಳಗೆ ನಿಂತು ತಲೆಯೆತ್ತು. ಮುಖದ ಮೇಲೆ ಅಂಕಿಗಳು ಕನ್ನಡದಲ್ಲಿವೆ. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ಗೋಪುರ ಅದು. ಅಲ್ಲಿಂದ ಚಿಕ್ಕ ಗಡಿಯಾರಕ್ಕೆ ಬಂದು ಮಾರುಕಟ್ಟೆಯೊಳಗೆ ಹೊಕ್ಕರೆ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವ ಕೈ, ಕುಂಕುಮ ಬಣ್ಣಬಣ್ಣವಾಗಿ ಗೋಪುರ ಕಟ್ಟಿದ ತಟ್ಟೆ, ವೀಳ್ಯದೆಲೆ, ರಸಬಾಳೆ. ಮೂಗಿನಲ್ಲೇ ದಾರಿ ಹಿಡಿಯಬಹುದು. ನಾನು ಮಾರುಕಟ್ಟೆಯನ್ನೂ ಒಂದು ವಸ್ತುಸಂಗ್ರಹಾಲಯ ಅಂತಲೇ ಎಣಿಸುತ್ತೇನೆ.

ಯುವತಿ: ಅಲ್ಲಿ ದುಡಿಯುವವರಿಗೆ ಅದು ಅಂಗಡಿ, ಚಿಕ್ಕಪ್ಪ. 2016ರಲ್ಲಿ ಅದರ ಒಂದು ಭಾಗ ಕುಸಿದುಬಿತ್ತು. ಅದಕ್ಕೂ ಮೊದಲು, 2012ರಲ್ಲಿ, ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ತರು. ನಾವು ನಿಧಾನವಾಗಿ ನಡೆದು ಚೆಂದ ನೋಡುವ ಕಮಾನುಗಳ ಕೆಳಗೆ ದಿನವೂ ಕೂರುವವರು ಬೇರೆಯವರು.

ಹಿರಿಯರು: ಅದನ್ನೂ ನಡೆದವರೇ ನೋಡುತ್ತಾರೆ. ಬಸ್ಸಿನ ಕಿಟಕಿಗೆ ಬಿರುಕು ಕಾಣುವುದಿಲ್ಲ. ಕೆಡವಿ ಹೊಸದು ಕಟ್ಟಬೇಕೋ, ಇರುವುದನ್ನೇ ಭದ್ರ ಮಾಡಬೇಕೋ ಅನ್ನುವ ಜಗಳ ಊರಿನಲ್ಲಿ ವರ್ಷಗಳಿಂದ ನಡೆದಿದೆ. ಎರಡು ಕಡೆಯವರ ಮಾತೂ ಆ ಓಣಿಯಲ್ಲಿ ಹೂ ಕೊಳ್ಳುತ್ತಾ ನಿಂತರೆ ಕಿವಿಗೆ ಬೀಳುತ್ತದೆ.

ಯುವತಿ: ನಡಿಗೆ ಎಲ್ಲರ ಕೈಯಲ್ಲೂ ಆಗುವುದಿಲ್ಲವಲ್ಲ. ನಮ್ಮಲ್ಲಿ ಒಬ್ಬಳಿಗೆ ಮಂಡಿನೋವು. ಏಪ್ರಿಲ್ ಬಿಸಿಲಿನಲ್ಲಿ ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿದ್ದರೆ ರಸ್ತೆಗೆ ಇಳಿಯಬೇಕು. ನಿಮಗೆ ನಮ್ಮ ಅಮ್ಮನ ಕಡೆಯ ಅಜ್ಜಿ ನೆನಪಿದ್ದಾರಾ? ರಾಣೆಬೆನ್ನೂರಿನ ಅಜ್ಜಿ. ಅವರು ಮೈಸೂರು ನೋಡಿದ್ದು ಜೀವನದಲ್ಲಿ ಒಂದೇ ದಿನ, ಓಣಿಯ ಹೆಂಗಸರೆಲ್ಲ ಸೇರಿ ಮಾಡಿದ ಬಸ್ಸಿನಲ್ಲಿ. ಕತ್ತಲಾದ ಮೇಲೆ ಅರಮನೆಯ ದೀಪಗಳೆಲ್ಲ ಒಂದೇ ಸಲಕ್ಕೆ ಹತ್ತಿದ್ದನ್ನು ಅವರು ಸಾಯುವವರೆಗೂ ಹೇಳಿದರು. ಅವರು ಓಡುತ್ತಾ ನೋಡಿದರು. ಏನೂ ನೋಡಲಿಲ್ಲ ಅನ್ನುತ್ತೀರಾ?

ಹಿರಿಯರು: ಇಲ್ಲಮ್ಮ. ಹಾಗನ್ನಲಾರೆ.

ಯುವತಿ: ಒಂದೇ ದಿನ ರಜೆ ಸಿಗುವವರು, ಒಂದೇ ದಿನಕ್ಕೆ ದುಡ್ಡು ಕೂಡಿಸಿದವರು ನೋಡುವ ರೀತಿ ಅದು. ಮೂರು ರಾತ್ರಿ ತಂಗಲು ಕೋಣೆಯ ಬಾಡಿಗೆ ಬೇಕು, ರಜೆ ಬೇಕು. ನಿಧಾನವನ್ನು ಒಳ್ಳೆಯ ಗುಣದ ಹಾಗೆ ಹೊಗಳುವಾಗ ನನಗೆ ಅವರ ಮುಖ ಕಣ್ಣಿಗೆ ಬರುತ್ತದೆ.

ಹಿರಿಯರು: ಅಜ್ಜಿ ಏನನ್ನು ನೆನಪಿಟ್ಟರು ನೋಡು. ಐದಾರು ಜಾಗ ನೋಡಿ ಒಂದನ್ನು. ದೀಪ ಹತ್ತುವಾಗ ಎಲ್ಲರೂ ನಿಲ್ಲಬೇಕಾಯಿತು, ನಿಂತದ್ದು ಉಳಿಯಿತು. ನನ್ನ ಮಾತು ಅಷ್ಟೇ. ಆದರೆ ಐದಾರು ಜಾಗಕ್ಕೆ ಹೋಗದಿದ್ದರೆ ಆ ಒಂದು ಸಿಗುತ್ತಿತ್ತೋ ಇಲ್ಲವೋ, ಅದು ನನಗೂ ಗೊತ್ತಿಲ್ಲ.

ಬೆಳಗಿನ ನಡಿಗೆಯ ಬಗ್ಗೆ ಭಿನ್ನಮತವಿರಲಿಲ್ಲ. ಮುಮ್ಮಡಿಯವರ ಕಾಲದಲ್ಲಿ, 1864ರಲ್ಲಿ ಆದ ಕುಕ್ಕರಹಳ್ಳಿ ಕೆರೆಯ ಏರಿ ಸಮತಟ್ಟಾಗಿದೆ, ನೆರಳಿದೆ, ಬೇಕಾದಲ್ಲಿ ಕೂರಬಹುದು. ಮಂಡಿನೋವಿನವರು ಅರ್ಧದಿಂದ ಹಿಂತಿರುಗಬಹುದು. ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡಲು ದುರ್ಬೀನು ಬೇಕಿಲ್ಲ. ಕುವೆಂಪು ನಡೆದಾಡಿದ ಕೆರೆ ಎಂಬ ನೆನಪು ಕನ್ನಡ ಓದುವವರನ್ನು ಅಲ್ಲಿಗೆ ಇನ್ನಷ್ಟು ಎಳೆಯುತ್ತದೆ.

ಉಳಿದದ್ದು ಊಟ ಮತ್ತು ಗೆಳೆಯರು. ಇಲ್ಲಿ ಇಬ್ಬರೂ ತಾವು ಮೊದಲು ನಿಂತ ಜಾಗದಿಂದ ಸರಿದರು.

ಹಿರಿಯರು: ಒಂದು ಕೆಲಸ ಮಾಡಿ. ವಸ್ತುಸಂಗ್ರಹಾಲಯದೊಳಗೆ ಐದು ಜನ ಗುಂಪಾಗಿ ತಿರುಗಬೇಡಿ. ಬಾಗಿಲಲ್ಲಿ ಬೇರೆಯಾಗಿ, ಒಂದೂವರೆ ಗಂಟೆ ಬಿಟ್ಟು ಬಾಗಿಲಲ್ಲೇ ಸೇರಿ. ಊಟಕ್ಕೆ ಕೂತಾಗ ಒಬ್ಬೊಬ್ಬರೂ ತಾವು ಕಂಡದ್ದು ಒಂದೊಂದು ಹೇಳಿ. ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರಿಗೆ ತಪ್ಪಿರುತ್ತದೆ.

ಯುವತಿ: ಮೇಷ್ಟರ ಬುದ್ಧಿ ಬಂತು ನೋಡಿ! ಅವರು ಮನೆಪಾಠ ಒಪ್ಪಿಸಲು ಬರುತ್ತಿಲ್ಲ. ಒಬ್ಬಳು ಕೆಲಸ ಬಿಟ್ಟು ಮುಂದೇನು ಅಂತ ತೋಚದೆ ಇದ್ದಾಳೆ. ಒಬ್ಬನ ಅಪ್ಪ ಹೋಗಿ ವರ್ಷವಾಗಿಲ್ಲ. ನಿಜ ಹೇಳಬೇಕೆಂದರೆ ನಮಗೆ ಮೈಸೂರು ನೆಪ. ನೋಡಬೇಕಾದದ್ದು ಒಬ್ಬರನ್ನೊಬ್ಬರು.

ಹಿರಿಯರು: ಹಾಗಿದ್ದರೆ ಹದಿನೇಳು ಜಾಗ ಯಾಕೆ? ಯಾವುದಾದರೂ ರೆಸಾರ್ಟಿನಲ್ಲಿ ಕೂತು ಮಾತಾಡಬಹುದಲ್ಲ.

ಯುವತಿ: ಎದುರುಬದುರು ಕೂತು ಮಾತಾಡಿ ಅಂದರೆ ಮಾತು ಬರುವುದಿಲ್ಲ, ಚಿಕ್ಕಪ್ಪ. ಪಕ್ಕದಲ್ಲಿ ನಡೆಯುತ್ತಾ, ಏನನ್ನೋ ನೋಡುತ್ತಾ ಇದ್ದರೆ ಬರುತ್ತದೆ. ರೈಲ್ವೆ ಮ್ಯೂಸಿಯಮ್ಮಿನಲ್ಲಿ 1899ರ ಮಹಾರಾಣಿಯ ಸಲೂನ್ ಬೋಗಿ ಇದೆಯಲ್ಲ, ಅದನ್ನು ಯಾಕೆ ಹಾಕಿದೆ ಗೊತ್ತಾ? ಗುವಾಹಟಿಯವನ ಅಪ್ಪ ರೈಲ್ವೆಯಲ್ಲಿದ್ದವರು. ಆ ಬೋಗಿಯ ಮೆಟ್ಟಿಲ ಹತ್ತಿರ ನಿಂತರೆ ಅವನು ಅಪ್ಪನ ಬಗ್ಗೆ ಏನಾದರೂ ಹೇಳಬಹುದು. ಹೇಳದೆಯೂ ಇರಬಹುದು.

ಹಿರಿಯರು: ಇದನ್ನು ಮೊದಲೇ ಹೇಳಬಾರದಿತ್ತೆ? ನಾನು ರೈಲ್ವೆ ಮ್ಯೂಸಿಯಮ್ಮನ್ನು ಹೊಡೆದುಹಾಕಿದ್ದೆ. ಇರಲಿ ಅದು. ಅವತ್ತು ಅದೊಂದೇ ಇರಲಿ.

ಯುವತಿ: ಬೆಳಗಿನ ತಿಂಡಿ ನಜರ್‌ಬಾದಿನ ಮೈಲಾರಿ ದೋಸೆ ಅಂದುಕೊಂಡಿದ್ದೇನೆ. ಆದರೆ ಅಲ್ಲಿ ಕೂತು ಹರಟೆ ಹೊಡೆಯಲು ಆಗುವುದಿಲ್ಲ, ಹಿಂದೆ ಜನ ಕಾಯುತ್ತಿರುತ್ತಾರೆ.

ಹಿರಿಯರು: ಆ ದೋಸೆಗೆ ಅಷ್ಟೇ ಹೊತ್ತು ಸಾಕು. ಮೆತ್ತಗೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ತಣ್ಣಗಾದರೆ ಅದರ ಸೊಗಸು ಹೋಗುತ್ತದೆ, ಬಿಸಿಯಲ್ಲೇ ಮುಗಿಸಿ ಏಳಬೇಕು. ಗರಿಗರಿ ಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡು. ಹರಟೆಗೆ ಮಧ್ಯಾಹ್ನ ನಮ್ಮ ಮನೆ ಇದೆ. ನಿಮ್ಮ ಚಿಕ್ಕಮ್ಮ ಆಗಲೇ ಹುಣಸೆ ನೆನೆಸುವ ಲೆಕ್ಕದಲ್ಲಿದ್ದಾಳೆ.

ಯುವತಿ: ಅದೊಂದು ನಿಧಾನಕ್ಕೆ ನನ್ನ ತಕರಾರಿಲ್ಲ. ಮೈಸೂರು ಪಾಕ್ ಎಲ್ಲಿ ಕೊಡಿಸಲಿ?

ಹಿರಿಯರು: ಸಯ್ಯಾಜಿ ರಾವ್ ರಸ್ತೆಯಲ್ಲಿ. ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರು ಅನ್ನುವ ಕಥೆಯ ಸಮೇತ ಕೊಡಿಸು. ಗಟ್ಟಿಯದನ್ನೂ ತೆಗೆದುಕೊ, ಬಾಯಲ್ಲಿ ಕರಗುವುದನ್ನೂ ತೆಗೆದುಕೊ. ಗಟ್ಟಿಯದನ್ನು ಮುರಿದು ಒಳಗೆ ನೋಡಿ, ಜೇನುಗೂಡಿನ ಹಾಗೆ ತೂತು ಇರುತ್ತದೆ. ಕುದಿಯುವ ತುಪ್ಪವನ್ನು ಹಿಟ್ಟಿನ ಪಾಕಕ್ಕೆ ಸುರಿದಾಗ ನೊರೆಯೆದ್ದು ಬಿಟ್ಟುಹೋದ ದಾರಿಗಳು ಅವು.

ಹೊರಡುವ ಹೊತ್ತಿಗೆ ಪಟ್ಟಿಯಲ್ಲಿ ಹತ್ತು ಜಾಗ ಉಳಿದಿದ್ದವು. ಹಿರಿಯರ ಲೆಕ್ಕದಲ್ಲಿ ಐದು ಸಾಕಿತ್ತು. ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ಹತ್ತುವುದನ್ನು ನೋಡುವುದೆಂದು ಇಬ್ಬರೂ ಒಪ್ಪಿದರು. ಮೃಗಾಲಯಕ್ಕೆ ಮಂಗಳವಾರ ರಜೆ ಎಂದು ಪಕ್ಕದಲ್ಲಿ ಬರೆದುಕೊಂಡದ್ದಾಯಿತು. ಚಾಮುಂಡಿ ಬೆಟ್ಟದ ಸಾಲು ಮಾತ್ರ ತೀರ್ಮಾನವಾಗದೆ ಉಳಿಯಿತು.

ಯುವತಿ: ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬಂದರೆ ಎರಡು ಗಂಟೆ. ಬೃಂದಾವನಕ್ಕೂ ಸಮಯ ಸಿಗುತ್ತದೆ.

ಹಿರಿಯರು: ಹೋಗುವಾಗ ಬಸ್ಸಿರಲಿ. ಬರುವಾಗ ಮೆಟ್ಟಿಲು ಇಳಿದು ನಂದಿಯವರೆಗಾದರೂ ಬನ್ನಿ.

ಯುವತಿ: ಮಂಡಿನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಅಂತಾಳೆ.

ಹಿರಿಯರು: ಅವಳು ಗಾಡಿಯಲ್ಲಿ ನಂದಿಯ ಹತ್ತಿರ ಬರಲಿ, ರಸ್ತೆ ಇದೆ. ಉಳಿದವರು ಮೆಟ್ಟಿಲಲ್ಲಿ ಇಳಿದು ಅಲ್ಲಿ ಸೇರಿ.

ಯುವತಿ: ಅವಳೊಬ್ಬಳನ್ನೇ ಬಿಟ್ಟು ನಾಲ್ಕು ಜನ ಇಳಿಯುವುದಾ? ಕೇಳಿ ನೋಡುತ್ತೇನೆ, ಚಿಕ್ಕಪ್ಪ.